ಕ್ಲೋನಾಜೆಪಾಮ್ ಬಿಟ್ಟೆ, ಉಳಿದ ಗುಳಿಗೆ ಬಿಡಲಿಲ್ಲ

ನಿದ್ದೆ ಗುಳಿಗೆ ಬಿಡುವುದು ಹೇಗೆ ಎಂದು ಬುದ್ಧಿ ಹೇಳುವವರು, ಎದುರಿಗಿರುವವರು ಅದೊಂದೇ ಗುಳಿಗೆ ನುಂಗುತ್ತಾರೆ ಎಂದುಕೊಂಡಿರುತ್ತಾರೆ. ಐವತ್ತು ದಾಟಿದವರ ಡಬ್ಬಿ ಹಾಗಿರುವುದಿಲ್ಲ. ನನ್ನ ಡಬ್ಬಿಯಲ್ಲಿ ಖಾಲಿ ಹೊಟ್ಟೆಗೆ ಥೈರಾಕ್ಸಿನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಕೂಡಿದ್ದು, ಬಿಪಿಗೆ ಟೆಲ್ಮಿಸಾರ್ಟಾನ್, ಆ್ಯಸಿಡಿಟಿಗೆ ಒಮೆಪ್ರಜೋಲ್ ಇದ್ದವು. ಇವುಗಳ ಜೊತೆ ಬೆಳಿಗ್ಗೆ, ಖಿನ್ನತೆ-ಅಂಜಿಕೆಗೆ ಕೊಡುವ ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ ಮತ್ತು ನಿದ್ದೆ ತರಿಸಿ ಅಂಜಿಕೆ ಇಳಿಸುವ ಕ್ಲೋನಾಜೆಪಾಮ್ 0.5 ಒಂದರಲ್ಲೇ ಸೇರಿಸಿದ ಗುಳಿಗೆ. ರಾತ್ರಿ ಮತ್ತೆ ಕ್ಲೋನಾಜೆಪಾಮ್ 0.5. ನಾನು ವಿಜಯಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳುವವಳು. ಅವ್ವ ತೀರಿಕೊಂಡ ವರ್ಷ ನಿದ್ದೆ ಕೆಟ್ಟು, ಎದೆ ಬಡಿದುಕೊಳ್ಳತೊಡಗಿದಾಗ ಶುರುವಾದ ಗುಳಿಗೆ ವರ್ಷಗಟ್ಟಲೆ ಮುಂದುವರಿದಿತ್ತು. ತರಗತಿಯಲ್ಲಿ ಹೆಸರುಗಳು ಮರೆಯತೊಡಗಿದಾಗ ಬಿಡಬೇಕು ಅನ್ನಿಸಿತು.

ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ, ಅದಕ್ಕೆ ಮೊದಲು ಮನೋವೈದ್ಯರ ಬಳಿ ಹೋದೆ. (ನಮ್ಮ ಕಡೆ ‘ಧಾರವಾಡಕ್ಕ ಹೋಗ್ಬೇಕಾಗ್ತದ’ ಅಂದರೆ ಬೈಗುಳ ಇದ್ದಂತೆ, ಮಾನಸಿಕ ಆಸ್ಪತ್ರೆ ಇರುವುದು ಅಲ್ಲಿ. ಆ ನಾಚಿಕೆಗೇ ಎಷ್ಟೋ ಮಂದಿ ಮೆಡಿಕಲ್ ಅಂಗಡಿಯಲ್ಲೇ ಸಲಹೆ ಕೇಳಿ ಸುಮ್ಮನಾಗುತ್ತಾರೆ.) ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ತರಹೇಳಿದ ಡಾಕ್ಟರು ಮೇಜಿನ ಮೇಲೆ ಹರಡಿಕೊಂಡು ಕೂತರು. ಹೊಟ್ಟೆ ನುಲಿದಾಗ ಆಗೀಗ ನುಂಗುತ್ತಿದ್ದ ಒಂದು ಗುಳಿಗೆಯನ್ನು ಪಕ್ಕಕ್ಕೆ ತೆಗೆದಿಟ್ಟರು. ಅದರಲ್ಲಿ ಕ್ಲೋರ್ಡಯಾಜೆಪಾಕ್ಸೈಡ್ 5 ಮಿ.ಗ್ರಾಂ ಇತ್ತು. 1960ರಲ್ಲಿ ಮಾರುಕಟ್ಟೆಗೆ ಬಂದ ಅದು ಕ್ಲೋನಾಜೆಪಾಮ್ ಸೇರಿದ ಬೆಂಜೊಡಯಾಜೆಪೈನ್ ವಂಶದ ಹಿರಿಯಣ್ಣ, ಅದೇ ವಂಶದ, ಡಯಾಜೆಪಾಮ್‌ಗಿಂತಲೂ ಮೊದಲಿನದು. ಮದುವೆ ಊಟವಾದ ದಿನ ಅದನ್ನು ನುಂಗಿದರೆ ನಾನು ಲೆಕ್ಕ ಹಾಕಿ ಇಳಿಸಿದ್ದೆಲ್ಲ ಏರುಪೇರಾಗುತ್ತಿತ್ತು. ಅದರ ಬದಲು ಮೆಬೆವೆರಿನ್ ಬರೆದರು. ಹೊಟ್ಟೆನೋವಿಗೆ, ತಲೆನೋವಿಗೆ, ಎದೆ ಬಡಿತಕ್ಕೆ ಎಂದು ಕೊಡುವ ಕೂಡು ಗುಳಿಗೆಗಳ ಹಿಂಬದಿಯ ಸಣ್ಣ ಅಕ್ಷರ ಓದುವ ಚಟ ನನಗೆ ಹತ್ತಿದ್ದು ಆಗಲೇ.

ಎರಡನೆಯ ಕೆಲಸ, ಕೂಡು ಗುಳಿಗೆಯನ್ನು ಬಿಡಿಸುವುದು. ಅದನ್ನು ಅರ್ಧ ಮಾಡಿದರೆ ಎಸ್ಸಿಟಾಲೋಪ್ರಾಮ್ ಕೂಡ ಅರ್ಧವಾಗುತ್ತದೆ. ಅದನ್ನು ಇಳಿಸಿದರೂ ತಲೆಸುತ್ತು, ಚಡಪಡಿಕೆ ಬರುತ್ತವೆ. ಯಾವುದರದು ಯಾವುದು ಎಂದು ಹೇಳುವವರು ಯಾರು? ಎರಡನ್ನೂ ಬೇರೆ ಬೇರೆ ಬರೆಸಿಕೊಂಡೆ. “ಟೀಚರ್, ಒಮ್ಮೆಗೆ ಒಂದ ಗುಳಿಗಿ ಮುಟ್ಟೂಣು. ಎರಡು ಮುಟ್ಟಿದರ ಯಾವುದು ಏನ ಮಾಡ್ತು ಅಂತ ನನಗೂ ತಿಳಿಯಂಗಿಲ್ಲ” ಅಂದರು ಡಾಕ್ಟರು. ಇಡೀ ವರ್ಷ ನಾನು ಹಿಡಿದ ಸೂತ್ರ ಅದೊಂದೇ.

ಇಳಿಸುವುದರಲ್ಲಿ ನನ್ನ ಗಣಿತ ಕೆಲಸಕ್ಕೆ ಬಂತು. 2025ರಲ್ಲಿ ಅಮೆರಿಕದ ವೈದ್ಯ ಸಂಘಗಳು ಜಂಟಿಯಾಗಿ ಹೊರತಂದ ಮಾರ್ಗಸೂಚಿಯ ಪ್ರಕಾರ, 2ರಿಂದ 4 ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ಇಳಿಸುವುದನ್ನು ಯೋಚಿಸಬೇಕು. 2 ವಾರಕ್ಕೆ ಶೇ 25ನ್ನು ಮೀರಬಾರದು. 0.25ರ ಗುಳಿಗೆಯ ಅರ್ಧವೆಂದರೆ 0.125. ದಿನಕ್ಕೆ 1 ಮಿ.ಗ್ರಾಂ ನುಂಗುವಾಗ ಅಷ್ಟು ಇಳಿಸಿದರೆ ಶೇ 12.5. ಅದೇ ಅರ್ಧ ಗುಳಿಗೆಯನ್ನು 0.25ಕ್ಕೆ ಬಂದಾಗ ಇಳಿಸಿದರೆ ಶೇ 50! ಮೇಲಿನ ಮೆಟ್ಟಿಲು ಸಲೀಸಾಗಿ ಇಳಿದವರು ಕೊನೆಯ ಮೆಟ್ಟಿಲಲ್ಲಿ ಮುಗ್ಗರಿಸುವುದು ಇದಕ್ಕೇ. ಮೇಲಿನ ಹಂತಗಳಲ್ಲಿ ತಿಂಗಳಿಗೊಮ್ಮೆ ಇಳಿಸಿದೆವು, ಒಮ್ಮೊಮ್ಮೆ ಇನ್ನೂ ತಡವಾಗಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳಲ್ಲಿ ಮುಟ್ಟಲೇ ಇಲ್ಲ.

0.25 ತಲುಪಿದಾಗ ಡಯಾಜೆಪಾಮ್‌ಗೆ ಬದಲಾಯಿಸುವ ಮಾತು ಬಂತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಈ ಗುಳಿಗೆ ಬಿಡಿಸುವ ಕ್ಲಿನಿಕ್ ನಡೆಸಿದ ಹೆದರ್ ಆ್ಯಶ್ಟನ್ ಅವರ ಕೋಷ್ಟಕದಂತೆ ಕ್ಲೋನಾಜೆಪಾಮ್ 0.5 ಎಂದರೆ ಸುಮಾರು ಡಯಾಜೆಪಾಮ್ 10 ಮಿ.ಗ್ರಾಂ. ಅಂದರೆ ನನ್ನ 0.25ಕ್ಕೆ 5 ಮಿ.ಗ್ರಾಂ. ಡಯಾಜೆಪಾಮ್‌ನ 2 ಮಿ.ಗ್ರಾಂ ಗುಳಿಗೆಯನ್ನು ಅರ್ಧ, ಕಾಲು ಮಾಡಿ ಸಣ್ಣ ಹೆಜ್ಜೆ ಇಡಬಹುದು. ಆದರೆ ನನ್ನ ಒಮೆಪ್ರಜೋಲ್ ಅಡ್ಡ ಬಂತು. ಅದು ಡಯಾಜೆಪಾಮ್ ದೇಹದಿಂದ ಹೊರಹೋಗುವುದನ್ನು ನಿಧಾನಿಸುತ್ತದೆ, ಎಸ್ಸಿಟಾಲೋಪ್ರಾಮ್‌ನ ಮಟ್ಟವನ್ನೂ ಏರಿಸುತ್ತದೆ. ಅದಕ್ಕೇ ಮೊದಲು ಪ್ಯಾಂಟೊಪ್ರಜೋಲ್‌ಗೆ ಬದಲಾಯಿಸಿ, ಕೆಲವು ವಾರ ಸುಮ್ಮನಿದ್ದು, ಮೈ ಅದಕ್ಕೆ ಹೊಂದಿಕೊಂಡ ಮೇಲೆ ಡಯಾಜೆಪಾಮ್ ಶುರು ಮಾಡಿದರು. ಆ್ಯಸಿಡಿಟಿ ಗುಳಿಗೆಗೂ ಇದಕ್ಕೂ ಏನು ಸಂಬಂಧ ಅಂತ ನಮ್ಮ ಮನೆಯವರು ಈಗಲೂ ಕೇಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದಿದ್ದು ಮಾತ್ರ ಸಕ್ಕರೆ. ಬೆವರು, ಕೈನಡುಕ, ಎದೆ ಧಡಧಡ, ಕಾರಣವಿಲ್ಲದ ಅಂಜಿಕೆ: ಕ್ಲೋನಾಜೆಪಾಮ್ ಇಳಿಸಿದಾಗಲೂ ಇವೇ, ಗ್ಲಿಮೆಪಿರೈಡ್‌ನಿಂದ ಸಕ್ಕರೆ ಕುಸಿದಾಗಲೂ ಇವೇ. ಶ್ರಾವಣ ಸೋಮವಾರ ಒಪ್ಪತ್ತು ಮಾಡುತ್ತಿದ್ದೆ. ಅಂಥ ಒಂದು ಸಂಜೆ ಶಾಲೆ ಬಿಟ್ಟು ಬಂದವಳು ಮೈಯೆಲ್ಲ ತೊಯ್ದು, ಗುಳಿಗೆ ಇಳಿಸಿದ್ದಕ್ಕೇ ಹೀಗಾಯಿತು ಎಂದು ಕೂತಿದ್ದಾಗ ಮನೆಯವರು ಗ್ಲುಕೋಮೀಟರ್ ತಂದು ಮುಂದಿಟ್ಟರು. “ಮೊದಲ ಸಕ್ಕರಿ ನೋಡ್ಕೊ, ಆಮ್ಯಾಲೆ ಅಂಜ್ಕೊ.” 62 ತೋರಿಸಿತು. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಹಾಗೆ ಮಾಡಿದ ಮೇಲೆ ಅಂಜಿಕೆ ತಾನಾಗಿ ಕರಗಿತು. ಒಪ್ಪತ್ತಿನ ದಿನ ಗ್ಲಿಮೆಪಿರೈಡ್ ಹೇಗೆ ತೆಗೆದುಕೊಳ್ಳಬೇಕೆಂದು ಆಮೇಲೆ ಸಕ್ಕರೆ ಡಾಕ್ಟರಿಂದಲೇ ಬರೆಸಿಕೊಂಡೆ. ಎದೆ ಬಡಿತಕ್ಕೆ ಪ್ರೊಪ್ರಾನೊಲಾಲ್ ಕೊಡುವ ವಿಚಾರವೂ ಇತ್ತು. ಸಕ್ಕರೆ ಕುಸಿದಾಗ ಎಚ್ಚರಿಸುವ ನಡುಕ, ಬಡಿತಗಳನ್ನೇ ಅದು ಮುಚ್ಚಿಬಿಡುತ್ತದೆ ಎಂದು ಕೈಬಿಟ್ಟರು.

ಕ್ಲೋನಾಜೆಪಾಮ್‌ನ ಅರ್ಧಾಯುಷ್ಯ, ಅಂದರೆ ಮೈಯಲ್ಲಿರುವ ಮದ್ದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಸುಮಾರು 30ರಿಂದ 40 ಗಂಟೆ. ಹೀಗಾಗಿ ಇಳಿಸಿದ ಮರುದಿನ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಮೂರು ನಾಲ್ಕು ದಿನದ ಮೇಲೆ ಕಾಟ ಶುರು. ಮಕ್ಕಳು ಬೆಂಚು ಎಳೆದ ಸದ್ದಿಗೆ ಮೈ ಜುಂ ಅನ್ನುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ಟ್ಯೂಬ್‌ಲೈಟಿನ ಬೆಳಕು ಕಣ್ಣಿಗೆ ಚುಚ್ಚುವುದು. ಇವು ಸಕ್ಕರೆಯವಲ್ಲ. ಬಂದು ಕೆಲವು ದಿನ ಇದ್ದು ಹೋಗುತ್ತಿದ್ದವು. ನಡುವೆ ನಡುಕ ಹೋಗದೆ ನಿಂತಾಗ ಥೈರಾಯ್ಡ್‌ನ ರಕ್ತಪರೀಕ್ಷೆ ಟಿಎಸ್‌ಎಚ್ ಮಾಡಿಸಿದೆವು. ಥೈರಾಕ್ಸಿನ್ ತುಸು ಹೆಚ್ಚಾಗಿತ್ತು. ಆಗಲೂ ಅದೇ ಸೂತ್ರ: ಥೈರಾಕ್ಸಿನ್ ಸರಿಹೋಗುವವರೆಗೆ ಇತ್ತ ಇಳಿಸುವುದನ್ನು ತಡೆಹಿಡಿದರು.

ಬೇರೆ ಡಾಕ್ಟರ ಬಳಿ ಹೋಗುವಾಗ ನನ್ನ ಗುಳಿಗೆಗಳ ಹೆಸರು, ಈಗ ಯಾವ ಹಂತ ಎಂದು ಬರೆದ ಚೀಟಿ ಪರ್ಸಿನಲ್ಲಿ ಇರುತ್ತಿತ್ತು. ಉರಿಮೂತ್ರಕ್ಕೆ ಸಿಪ್ರೊಫ್ಲಾಕ್ಸಾಸಿನ್ ಬರೆಯಲು ಹೊರಟವರು ಚೀಟಿ ನೋಡಿ ನೈಟ್ರೊಫ್ಯುರಾಂಟೊಯಿನ್ ಬರೆದರು. ಆ ಗುಂಪಿನ ಆ್ಯಂಟಿಬಯಾಟಿಕ್‌ಗಳು ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುತ್ತವೆ, ಗ್ಲಿಮೆಪಿರೈಡ್ ಜೊತೆ ಸಕ್ಕರೆಯನ್ನೂ ಬೀಳಿಸಬಹುದು. ಮೊಣಕಾಲು ನೋವಿಗೆ ಟ್ರಮಡಾಲ್ ಬೇಡವೆಂದದ್ದೂ ಇದೇ ಚೀಟಿ ನೋಡಿ. ಅದು ಎಸ್ಸಿಟಾಲೋಪ್ರಾಮ್ ಜೊತೆಗೂ ಹೊಂದುವುದಿಲ್ಲ, ನಾನು ಇಳಿಸುತ್ತಿದ್ದ ಗುಳಿಗೆಯ ಜೊತೆಗೂ ಹೊಂದುವುದಿಲ್ಲ. ನೆಗೆಣ್ಣಿ ಅಶ್ವಗಂಧ ಚೂರ್ಣ ತಂದಳು, “ನಾಟಿ ಔಷಧಕ್ಕ ಏನಾಗ್ತದ ಅಕ್ಕಾ?” ಥೈರಾಯ್ಡ್ ಇದ್ದವರಿಗೆ ಏನಾದರೂ ಆಗಬಹುದು. ಚೂರ್ಣ ಕಪಾಟಿನಲ್ಲೇ ಉಳಿಯಿತು, ಮಾತು ಮಾತ್ರ ಕೆಲವು ದಿನ ಕಡಿಮೆಯಾಯಿತು.

ನಿದ್ದೆಯಿಲ್ಲದ ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದ್ದೆ. ಕನ್ನಡದಲ್ಲೇ ಮಾತಾಡಿದರು. ಮದ್ದು ಹೇಳಲಿಲ್ಲ, ಬೆಳಗಿನವರೆಗೆ ತಡೆಯುವಷ್ಟು ಧೈರ್ಯ ಕೊಟ್ಟರು.

ಡಯಾಜೆಪಾಮ್ ಕಾಲು ಗುಳಿಗೆಯೂ ನಿಂತು ಕೆಲವು ತಿಂಗಳಾಯಿತು. ನಸುಕಿನಲ್ಲಿ ಎಚ್ಚರವಾಗುವುದು ಇನ್ನೂ ಪೂರ್ತಿ ಹೋಗಿಲ್ಲ, ಹೆಸರು ಮರೆಯುವುದು ಮಾತ್ರ ಎಷ್ಟೋ ವಾಸಿ. ಎಸ್ಸಿಟಾಲೋಪ್ರಾಮ್ 10 ಹಾಗೇ ನಡೆದಿದೆ. ಅದನ್ನು ಯಾವಾಗ ಇಳಿಸುವುದೆಂದು ಕೇಳಿದೆ. ಈ ಬೇಸಿಗೆ ಕಳೆಯಲಿ, ಥೈರಾಯ್ಡ್ ವರದಿ ಇನ್ನೊಮ್ಮೆ ನೋಡಿ ಮಾತಾಡೋಣ ಎಂದಿದ್ದಾರೆ ಡಾಕ್ಟರು.