ರಾಗ ಹಾಕುವ ಮುನ್ನ ಮಾತು ಕೇಳಿ: ಸಂಗೀತ ಸಂಯೋಜಕರಾಗುವುದು ಹೇಗೆ?

ಸಂಯೋಜಕರಾಗಬೇಕು ಎಂದು ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು, ‘ಯಾವ ಸಾಫ್ಟ್‌ವೇರ್ ತಗೊಳ್ಳಲಿ?’ ಎಂದು. ನಾನು ಒಂದು ಪದ್ಯ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ಹತ್ತು ಸಲ. ರಾಗ ಆಮೇಲೆ.

ಮೊದಲ ಹೆಜ್ಜೆ ಅದೇ: ಮಾತಿಗೆ ಕಿವಿ ಕೊಡುವುದು. ಕನ್ನಡದಲ್ಲಿ ಹ್ರಸ್ವ, ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಬಳೆ’ಯ ಮೊದಲ ಅಕ್ಷರ ಎಳೆದು ಹಾಡಿದರೆ ಕೇಳುವವರಿಗೆ ‘ಬಾಳೆ’ ಎಂದೇ ಕೇಳಿಸುತ್ತದೆ. ಎಳೆಯಲೇಬೇಕಿದ್ದರೆ ಕೊನೆಯ ಅಕ್ಷರದ ಮೇಲೆ ಎಳೆಯಿರಿ. ಪದ ಉಳಿಯುತ್ತದೆ.

ಅಭ್ಯಾಸಕ್ಕೆ ಕುಮಾರವ್ಯಾಸನ ಭಾಮಿನಿ ಷಟ್ಪದಿ ಹಿಡಿಯಿರಿ. ಮೊದಲ ಸಾಲಿನಲ್ಲಿ ಮೂರು-ನಾಲ್ಕು, ಮೂರು-ನಾಲ್ಕು, ಒಟ್ಟು 14 ಮಾತ್ರೆ. ತೊಡೆ ಮೇಲೆ ತಾಳ ಹಾಕುತ್ತಾ ಓದಿದರೆ ಏಳರ ನಡೆ, ಅಂದರೆ ಮಿಶ್ರಛಾಪು ತಾನಾಗಿಯೇ ಬರುತ್ತದೆ. ತಾಳ ಸಾಲಿನೊಳಗೇ ಇದೆ ಅಲ್ವಾ? ಅದೇ ಪದ್ಯವನ್ನು ಮೋಹನ ರಾಗದಲ್ಲಿ ಒಮ್ಮೆ, ಶುಭಪಂತುವರಾಳಿಯಲ್ಲಿ ಒಮ್ಮೆ ಹಾಡಿ ನೋಡಿ. ಅದೇ ಮಾತಿಗೆ ಬೇರೆ ಮುಖ ಬರುತ್ತದೆ. ಸಿನಿಮಾದಲ್ಲಿ ಹೆಚ್ಚಾಗಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಅಲ್ಲೂ ಈ ಕಿವಿ ಬೇಕು. ಸುಮ್ನೆ ‘ಲಲಲ’ ಎಂದು ಹಾಡಿ ಕಳಿಸಬೇಡಿ. ‘ತನನ’ ಎಲ್ಲಿ, ‘ತಾನ’ ಎಲ್ಲಿ ಎಂದು ಬಿಡಿಸಿ ಹಾಡಿದರೆ ಗೀತೆ ಬರೆಯುವವರ ಅರ್ಧ ಕೆಲಸ ಹಗುರ.

ಎರಡನೆಯದು, ನಾಟಕದ ತಾಲೀಮು. ಇದಕ್ಕಿಂತ ಒಳ್ಳೆಯ ಶಾಲೆ ನಮ್ಮೂರು ಬೆಂಗಳೂರಿನಲ್ಲಿ ನನಗೆ ಸಿಕ್ಕಿಲ್ಲ. ಜೆ.ಪಿ. ನಗರದ ರಂಗಶಂಕರ, ಜೆ.ಸಿ. ರಸ್ತೆಯ ಕಲಾಕ್ಷೇತ್ರ, ಹನುಮಂತನಗರದ ಕೆ.ಎಚ್. ಕಲಾಸೌಧ, ಇಲ್ಲೆಲ್ಲ ಒಂದು ತಿಂಗಳು ನಾಟಕ ನೋಡಿ. ಇಷ್ಟವಾದ ತಂಡದವರನ್ನು ‘ತಾಲೀಮಿಗೆ ಬಂದು ಕೂರಲಾ?’ ಎಂದು ಕೇಳಿ. ದುಡ್ಡು ಕಮ್ಮಿ, ಕಲಿಕೆ ಜಾಸ್ತಿ. ಒಮ್ಮೆ ನಾನು ಒಂದು ದೃಶ್ಯಕ್ಕೆ ಎರಡು ನಿಮಿಷದ ಸಂಗೀತ ಮಾಡಿಕೊಂಡು ಹೋಗಿದ್ದೆ. ನಟಿ ಬಾಗಿಲ ಬಳಿ ಮಾತಿಲ್ಲದೆ ನಿಂತರು. ನಿರ್ದೇಶಕರು ತಂಬೂರಿಯ ಶ್ರುತಿ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದೆಲ್ಲ ತೆಗೆಸಿದರು. ಅವರೇ ಸರಿ. ಮಾಡಿದ್ದನ್ನು ನೋವಿಲ್ಲದೆ ಬಿಡುವುದನ್ನು ನಾನು ಕಲಿತದ್ದು ಅಲ್ಲಿ.

ಇನ್ನು ಸಲಕರಣೆ. ಲ್ಯಾಪ್‌ಟಾಪ್, ಮೈಕಿನ ದನಿಯನ್ನು ಅದಕ್ಕೆ ಸೇರಿಸುವ ಒಂದು ಆಡಿಯೋ ಇಂಟರ್‌ಫೇಸ್, ಒಳ್ಳೆಯ ಹೆಡ್‌ಫೋನ್, ಸಾಫ್ಟ್‌ವೇರ್‌ನೊಳಗಿನ ವಾದ್ಯ ನುಡಿಸಲು ಚಿಕ್ಕ ಮಿಡಿ ಕೀಬೋರ್ಡ್. ಶುರುವಿಗೆ ಸಾಕು. ಯಾವುದಾದರೂ ಒಂದು ಸಾಫ್ಟ್‌ವೇರ್ ಆರಿಸಿ ಅದನ್ನೇ ಚೆನ್ನಾಗಿ ಕಲಿಯಿರಿ. ವಿಡಿಯೋಗೆ ಕೊಡುವ ಸಂಗೀತವಾದರೆ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಕೊಡಿ. ತಾಳ, ತಂತಿ, ದನಿ ಹೀಗೆ ಸ್ಟೆಮ್‌ಗಳನ್ನು, ಅಂದರೆ ಹಾಡಿನ ಬಿಡಿ ಪದರಗಳನ್ನು, ಬೇರೆ ಬೇರೆ ಇಟ್ಟುಕೊಳ್ಳಿ. ಮಾತಿನ ಹಿಂದೆ ಕೊಳಲು ಜಾಸ್ತಿಯಾದರೆ ಅದೊಂದನ್ನೇ ತಗ್ಗಿಸಬಹುದು.

ನೌಕರಿ ಬಿಡಬೇಕಾ? ಅವಸರ ಬೇಡ. ಸಿ. ಅಶ್ವಥ್ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ನಾಟಕಕ್ಕೆ, ಭಾವಗೀತೆಗೆ ರಾಗ ಹಾಕಿದವರು. ಕಿರುಚಿತ್ರ, ಜಾಹೀರಾತು, ನೃತ್ಯರೂಪಕ ಹೀಗೆ ಸಣ್ಣ ಕೆಲಸಗಳು ಬರುತ್ತಿರಲಿ. ಹೇಳಿದ ದಿನಕ್ಕೆ ಮುಗಿಸಿ ಕೊಡುವವರನ್ನು ಗಾಂಧಿನಗರವೂ ಮತ್ತೆ ಕರೆಯುತ್ತದೆ.

ಕೊನೆಯದು ಕಾಗದಪತ್ರ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ನನ್ನ ಮೊದಲ ಶೀರ್ಷಿಕೆ ಗೀತೆಗೆ ಒಂದು ಹಾಳೆಯ ಪತ್ರ ಕೊಟ್ಟರು. ಓದದೆ ಸಹಿ ಹಾಕಿದೆ. ಸಿಕ್ಕಿದ್ದು ಒಂದೇ ಸಲದ ಹಣ. ಹಾಡು ವರ್ಷಗಟ್ಟಲೆ ಓಡಿತು. ನಿಮಗೆ ಹಾಗಾಗಬಾರದು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಸಿನಿಮಾ ಹಾಡು ಚಿತ್ರಮಂದಿರದಾಚೆ ಎಲ್ಲೇ ಬಳಕೆಯಾದರೂ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕು ಸಂಯೋಜಕರಿಗೂ ಗೀತೆ ಬರೆದವರಿಗೂ ಇದೆ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಅದನ್ನು ಬರೆದುಕೊಡುವಂತಿಲ್ಲ. ಒಪ್ಪಂದದಲ್ಲಿ ಅವಧಿ ಬರೆದಿಲ್ಲದಿದ್ದರೆ 5 ವರ್ಷ ಎಂದು, ಪ್ರದೇಶ ಬರೆದಿಲ್ಲದಿದ್ದರೆ ಭಾರತ ಮಾತ್ರ ಎಂದು ಲೆಕ್ಕ. ಹಾಗಾಗಿ ಅವಧಿ, ಪ್ರದೇಶ, ಹಣ, ಹೆಸರು ಹಾಕುವ ಬಗೆ ಈ ನಾಲ್ಕೂ ಪತ್ರದಲ್ಲಿ ಹೇಗಿವೆ ನೋಡಿಯೇ ಸಹಿ ಮಾಡಿ. ರಾಯಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್‌ಗೆ ಸದಸ್ಯರಾಗಿ. ಪ್ರತಿ ಹೊಸ ಹಾಡನ್ನೂ ಅಲ್ಲಿ ದಾಖಲಿಸಿ, ಗೀತೆ ಬರೆದವರ ಹೆಸರನ್ನೂ ಜೊತೆಗೇ ಸೇರಿಸಿ.