ಹುಣ್ಣು ಮಾಯಿತು ಅಂತ ಸುಮ್ಮನಿರಬೇಡಿ

ಉಚ್ಚೆ ಹೋಗುವಾಗ ಉರಿ ಬಂದರೆ ನಮ್ಮ ಕಡೆ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಮುರುಗಲ ಪಾನಕ, ಎಳನೀರು ಕುಡಿದು ವಾರ ಕಳೆಯುತ್ತೇವೆ. ಕಾರವಾರವಿರಲಿ, ಶಿರಸಿಯಿರಲಿ, ಇದೇ ಕತೆ. ಆದರೆ ಎಲ್ಲ ಉರಿಯೂ ಉಷ್ಣದ್ದಲ್ಲ. ಅದು ಲೈಂಗಿಕ ಸೋಂಕೂ ಆಗಿರಬಹುದು.

ಮೊದಲು, ಸೋಂಕು ಹೇಗೆ ದಾಟುತ್ತದೆ ಅಂತ ತಿಳಿಯಿರಿ. ಉಚ್ಚೆಯಲ್ಲಿ ಉರಿ ತರುವ ಗೊನೊರಿಯಾ, ಕ್ಲಮೈಡಿಯಾ, ಜೊತೆಗೆ ಎಚ್‌ಐವಿ ಹರಡುವುದು ವೀರ್ಯ, ಯೋನಿಸ್ರಾವದ ಮೂಲಕ. ಬಾಯಿ, ಗುದದ ಸಂಪರ್ಕದಿಂದಲೂ ಬರುತ್ತವೆ. ಎಚ್‌ಐವಿ ಮತ್ತು ಲಿವರಿಗೆ ತಗುಲುವ ಹೆಪಟೈಟಿಸ್ ಬಿ ರಕ್ತದಿಂದಲೂ ಬರುತ್ತವೆ. ಹುಣ್ಣು ಏಳಿಸುವ ಸಿಫಿಲಿಸ್, ಹರ್ಪಿಸ್‌ಗೆ ಚರ್ಮಕ್ಕೆ ಚರ್ಮ ತಾಗಿದರೂ ಸಾಕು. ಕಾಂಡೋಮ್ ಅಪಾಯವನ್ನು ತುಂಬ ಕಡಿಮೆ ಮಾಡುತ್ತದೆ, ಆದರೆ ಅದು ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಅಲ್ಲಿಂದ ಸೋಂಕು ದಾಟಬಹುದು. ಒಟ್ಟಿಗೆ ಉಂಡರೆ, ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುವುದಿಲ್ಲ.

ಎರಡನೆಯದು, ಲಕ್ಷಣ ಇಲ್ಲ ಅಂದರೆ ಸೋಂಕಿಲ್ಲ ಅಂತ ನಂಬಬೇಡಿ. ಕ್ಲಮೈಡಿಯಾ ಬಂದ ಹೆಂಗಸರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಮುಂದೆ ಮಕ್ಕಳಾಗುವುದಕ್ಕೇ ತೊಂದರೆ ಆಗಬಹುದು. ಸಿಫಿಲಿಸ್ ಅಂತೂ ಇನ್ನೂ ಮೋಸದ್ದು. ಸೋಂಕು ತಗುಲಿ ಸುಮಾರು 3 ವಾರಕ್ಕೆ ಒಂದು ಹುಣ್ಣು ಏಳುತ್ತದೆ. ಅಂಚು ಗಟ್ಟಿ, ಮುಟ್ಟಿದರೆ ನೋವಿಲ್ಲ. ಔಷಧವಿಲ್ಲದೆಯೇ 3ರಿಂದ 6 ವಾರದಲ್ಲಿ ಮಾಯುತ್ತದೆ. ‘ಸದ್ಯ, ಹೋಯ್ತಲ್ಲ’ ಅಂತ ಉಸಿರು ಬಿಡುತ್ತೇವೆ. ಹೋಗಿರುವುದಿಲ್ಲ. ಆಮೇಲೆ ಅಂಗೈ, ಅಂಗಾಲಿನಲ್ಲಿ ದದ್ದು ಬರಬಹುದು. ಅದೂ ತಾನಾಗಿ ಅಡಗುತ್ತದೆ. ವರ್ಷಗಳು ಕಳೆದ ಮೇಲೆ ಹೃದಯ, ಮಿದುಳಿಗೆ ಏಟು ಬೀಳಬಹುದು. ಬೇಗ ಹಿಡಿದರೆ ಪೆನ್ಸಿಲಿನ್ ಇಂಜೆಕ್ಷನ್‌ನಲ್ಲೇ ವಾಸಿಯಾಗುವ ಕಾಯಿಲೆ ಇದು!

ಮೂರನೆಯದು, ಆಸ್ಪತ್ರೆಗೆ ಹೋಗುವುದು. ಕಷ್ಟ ಇರುವುದೇ ಇಲ್ಲಿ. ಸಣ್ಣ ಊರು, ಚೀಟಿ ಮಾಡಿಸುವ ಸಾಲಿನಲ್ಲೇ ಗುರುತಿನವರು ಸಿಗುತ್ತಾರೆ. ಸಾಲಿನಲ್ಲಿ ಕಾಯಿಲೆ ವಿವರಿಸಬೇಕಿಲ್ಲ. ‘ಚರ್ಮದ ಡಾಕ್ಟರನ್ನು ನೋಡಬೇಕು’ ಅನ್ನಿ, ಸಾಕು; ಈ ಸೋಂಕುಗಳನ್ನೂ ಅವರು ನೋಡುತ್ತಾರೆ. ಅದಕ್ಕೂ ಸಂಕೋಚವೇ? ಅಂಕೋಲೆಯವರು ಕುಮಟೆಗೆ ಹೋಗಿ, ಶಿರಸಿಯವರು ಘಟ್ಟ ಇಳಿದು ಕಾರವಾರಕ್ಕೆ ಬನ್ನಿ. ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಔಷಧ ಉಚಿತ. ಐಸಿಟಿಸಿ ಅಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆಯೂ ಉಚಿತ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. 2017ರ ಎಚ್‌ಐವಿ ಕಾನೂನೇ ಹಾಗಿದೆ. ಹೋಗುವ ಮೊದಲು ಏನಾದರೂ ಕೇಳಬೇಕಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಎಚ್‌ಐವಿ ತಗುಲಿರಬಹುದು ಅನ್ನುವ ಭಯವಿದ್ದರೆ ಅಂತೂ ಒಂದು ದಿನವೂ ಕಾಯಬೇಡಿ. ತಡೆಯುವ ಗುಳಿಗೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ನುಂಗಬೇಕು.

ಕೊನೆಯದಾಗಿ, ಸಂಗಾತಿಯನ್ನೂ ಕರೆದುಕೊಂಡು ಹೋಗಿ. ಒಬ್ಬರೇ ಗುಳಿಗೆ ನುಂಗಿದರೆ ಸೋಂಕು ಇನ್ನೊಬ್ಬರಿಂದ ಮತ್ತೆ ಬರುತ್ತದೆ. ಹೇಳುವುದು ಸುಲಭವಲ್ಲ, ನಿಜ. ಮನೆಯಲ್ಲಿ ಬಾಯಿ ಬರದಿದ್ದರೆ ಆಪ್ತ ಸಮಾಲೋಚಕರ ಎದುರು ಕೂತು ಹೇಳಿ, ಅವರು ಮಾತಿಗೆ ದಾರಿ ಮಾಡಿಕೊಡುತ್ತಾರೆ. ಇಬ್ಬರ ಔಷಧವೂ ಮುಗಿದು, ಡಾಕ್ಟರು ಸರಿ ಅನ್ನುವವರೆಗೆ ಸಂಪರ್ಕ ಬೇಡ.