ಅಂಗಳ ಸಾರಿಸುವುದು ಕಣ್ಣಿಗೆ ಬೀಳಬಾರದು: ವಿಂಡೋ ಎಳೆದಾಗ ಬರುವ ಮಿಣುಕು ನಿಲ್ಲಿಸಿದ ಅನುಭವ

ಮಂಡ್ಯದ ಎಪಿಎಂಸಿ ಯಾರ್ಡಿನಲ್ಲಿರುವ ಒಂದು ಬೆಲ್ಲದ ಮಂಡಿಗೆ ನಾನು ಸಣ್ಣ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ರೈತರು ತಂದ ಲಾಟು, ತೂಕ, ಹರಾಜಿನ ರೇಟು, ಹಮಾಲಿ ಎಲ್ಲ ಅದರಲ್ಲಿ ಏರಿಸಬೇಕು. ಎಡಗಡೆ ಲಾಟುಗಳ ಪಟ್ಟಿ. ಬಲಗಡೆ ಅಚ್ಚು ಬೆಲ್ಲ, ಕುರಿಕಟ್ಟು ಬೆಲ್ಲದ ರೇಟು ದಿನದಿಂದ ದಿನಕ್ಕೆ ಹೇಗೆ ಏರಿಳಿದಿದೆ ಅಂತ ತೋರಿಸುವ ಗ್ರಾಫು. ಕೆಳಗೆ ಒಂದಿಷ್ಟು ಬಟನ್ನು, ಬಾಕ್ಸು. ಸಿ ಶಾರ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ವಿಂಡೋ, ಬಟನ್ನು ಮಾಡಿಕೊಳ್ಳಲು ಇರುವ ವಿಂಡೋಸ್ ಫಾರ್ಮ್ಸ್ ಬಳಸಿ ಬರೆದದ್ದು. ಮೈಸೂರಿನ ಮನೆಯಲ್ಲಿ ನನ್ನ ಲ್ಯಾಪ್‌ಟಾಪಿನ ಮೇಲೆ ಅದು ಚೆನ್ನಾಗೇ ಓಡುತ್ತಿತ್ತು.

ಸಂಕ್ರಾಂತಿಗೆ ಇನ್ನು 15 ದಿನ ಇದೆ ಅನ್ನುವಾಗ ಮಂಡಿಯಲ್ಲಿ ಲೆಕ್ಕ ಬರೆಯುವ ಅಕ್ಕ ಫೋನ್ ಮಾಡಿದರು. "ವಿಂಡೋ ಎಳುದ್ರೆ ಸಾಕು ಕಣಪ್ಪ, ಸ್ಟಾರ್ಟರ್ ಹೋದ ಟ್ಯೂಬ್‌ಲೈಟ್ ಥರ ಪಟಪಟ ಅಂತದೆ. ಸಂಜೆ ಹೊತ್ಗೆ ತಲೆ ಸಿಡೀತದೆ" ಅಂದರು. ನಾನು ಮಾನಿಟರ್ ಕೇಬಲ್ ಸಡಿಲ ಇದೆಯಾ ನೋಡಿ ಅಂದೆ. ಕೇಬಲ್ ಸರಿಯಾಗಿತ್ತು. ಮಾರನೇ ದಿನ ಬೆಳಗಿನ ರೈಲು ಹತ್ತಿದೆ. ಮೈಸೂರಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್. ಹೋಗಿ ಕಣ್ಣಾರೆ ನೋಡದಿದ್ದರೆ ಈ ತೊಂದರೆ ನನಗೆ ಅರ್ಥವೇ ಆಗುತ್ತಿರಲಿಲ್ಲ.

ಅಕ್ಕನ ಮಾನಿಟರ್ ಚಿಕ್ಕದು. ಅರ್ಧದಲ್ಲಿ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ, ಅರ್ಧದಲ್ಲಿ ನನ್ನ ಸಾಫ್ಟ್‌ವೇರ್ ಇಟ್ಟುಕೊಳ್ಳಬೇಕು. ಗ್ರಾಫು ಬೇಕಾದಾಗ ಅಗಲ ಮಾಡಬೇಕು, ಬೇಡವಾದಾಗ ಕಿರಿದು ಮಾಡಬೇಕು. ದಿನಕ್ಕೆ ಎಷ್ಟು ಸಲವೋ. ಮಿಣುಕು ತಾಳಲಾರದೆ ಅವರು ಎಳೆಯುವುದನ್ನೇ ಬಿಟ್ಟಿದ್ದರು. ನನ್ನ ವಿಂಡೋ ಪೂರ್ತಿ ತೆರೆದು, ಮೊತ್ತವನ್ನು ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಟ್ಯಾಲಿ ತೆರೆದು ಅಲ್ಲಿ ಹಾಕುತ್ತಿದ್ದರು. ಕೀಬೋರ್ಡ್ ಪಕ್ಕದಲ್ಲಿ ಚೀಟಿಗಳ ಕಟ್ಟು ಇತ್ತು. ಚೀಟಿ ಬರೆಯುವುದು ತಪ್ಪಲಿ ಅಂತ ತಾನೇ ಆ ಸಾಫ್ಟ್‌ವೇರ್ ಬರೆದದ್ದು? ನನಗೆ ತುಂಬಾ ಬೇಜಾರಾಯಿತು.

ಆ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ 7. ವೇಗ ಬರಲಿ ಅಂತ ಯಾರೋ ಹಳೇ ಕಾಲದ ಸರಳ ನೋಟದ ಕ್ಲಾಸಿಕ್ ಥೀಮ್ ಹಾಕಿದ್ದರು. ಇಲ್ಲೇ ನನಗೆ ಮೊದಲ ಸುಳಿವು ಸಿಕ್ಕಿದ್ದು. ವಿಂಡೋಸ್ 7ಕ್ಕಿಂತ ಹಿಂದಿನ ವಿಸ್ಟಾದಿಂದ ಈಚೆಗೆ ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ಅಂತ ಒಂದಿದೆ. ಅದು ಪ್ರತಿ ವಿಂಡೋದ ಚಿತ್ರವನ್ನು ಬೇರೆ ಜಾಗದಲ್ಲಿ ಇಟ್ಟುಕೊಂಡು, ಎಲ್ಲ ಜೋಡಿಸಿ, ಆಮೇಲೆ ಪರದೆಗೆ ಹಾಕುತ್ತದೆ. ವಿಂಡೋಸ್ 8ರಿಂದ ಅದನ್ನು ಆಫ್ ಮಾಡಲಿಕ್ಕೇ ಬರುವುದಿಲ್ಲ. ವಿಂಡೋಸ್ 7ರಲ್ಲಿ ಕ್ಲಾಸಿಕ್ ಥೀಮ್ ಹಾಕಿದರೆ ಅದು ಆಫ್ ಆಗುತ್ತದೆ, ಪ್ರೋಗ್ರಾಂ ಬಳಿದದ್ದೆಲ್ಲ ನೇರ ಪರದೆಗೇ ಬೀಳುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10. ನನ್ನ ಕೋಡಿನ ತಪ್ಪನ್ನು ಅದು ಬಹುಮಟ್ಟಿಗೆ ಮುಚ್ಚಿಹಾಕುತ್ತಿತ್ತು ಅಷ್ಟೆ.

ಆ ದಿನಕ್ಕೆ ಒಂದು ಆಸರೆ ಮಾಡಿಕೊಟ್ಟೆ. ವಿಂಡೋಸ್‌ನ ಪರ್ಫಾರ್ಮೆನ್ಸ್ ಆಪ್ಷನ್ಸ್‌ನಲ್ಲಿ, ಎಳೆಯುವಾಗ ವಿಂಡೋದ ಒಳಗಿರುವುದನ್ನು ತೋರಿಸು ಅನ್ನುವ ಒಂದು ಟಿಕ್ ಇದೆ. ಅದನ್ನು ತೆಗೆದರೆ ಎಳೆಯುವಾಗ ಬರೀ ಚೌಕಟ್ಟಿನ ಗೆರೆ ಓಡಾಡುತ್ತದೆ, ಬಿಟ್ಟ ಮೇಲೆ ಒಂದೇ ಸಲ ಒಳಗಿನದೆಲ್ಲ ಬರುತ್ತದೆ. ಮಿಣುಕು ನಿಂತಿತು. ಆದರೆ ಎಷ್ಟು ಎಳೆದರೆ ಎಷ್ಟು ಸಾಲು ಕಾಣುತ್ತದೆ ಅಂತ ಬಿಡುವ ತನಕ ಗೊತ್ತಾಗಲ್ಲ. ಅಂದಾಜಿನ ಮೇಲೆ ಎಳೆಯಬೇಕು. ಇದು ಪರಿಹಾರ ಅಲ್ಲ ಅಂತ ಅಕ್ಕನಿಗೂ ಹೇಳಿಯೇ ಬಂದೆ.

ಮಿಣುಕು ಯಾಕೆ ಬರುತ್ತದೆ ಅನ್ನುವುದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಬೆಳಿಗ್ಗೆ ಬಾಗಿಲ ಮುಂದೆ ಅಂಗಳ ಸಾರಿಸಿ ರಂಗೋಲಿ ಬಿಡುತ್ತಾರಲ್ವಾ? ಸಾರಿಸಿದ ಮೇಲೆ, ರಂಗೋಲಿ ಬಿಡುವುದಕ್ಕೆ ಮುಂಚೆ, ದಾರಿಯಲ್ಲಿ ಹೋಗುವವರಿಗೆ ಬರೀ ಅಂಗಳ ಕಾಣುತ್ತದೆ. ವಿಂಡೋದ ಅಳತೆ ಬದಲಾದಾಗಲೂ ಹೀಗೇ ಆಗುತ್ತದೆ. ಮೊದಲು ಹಿನ್ನೆಲೆ ಅಳಿಸು ಅಂತ ಒಂದು ಸಂದೇಶ, ಎರೇಸ್ ಬ್ಯಾಕ್‌ಗ್ರೌಂಡ್. ಆಮೇಲೆ ಬಳಿ ಅಂತ ಇನ್ನೊಂದು, ಪೇಂಟ್. ಮಾನಿಟರ್ ಸೆಕೆಂಡಿಗೆ 60 ಸಲ, ಅಂದರೆ ಸುಮಾರು 16 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ತೋರಿಸುತ್ತದೆ. ಈ ಎರಡು ಕೆಲಸದ ನಡುವೆ ಆ ಗಳಿಗೆ ಬಂದುಬಿಟ್ಟರೆ ಕಣ್ಣಿಗೆ ಬೀಳುವುದು ಸಾರಿಸಿದ ಅಂಗಳ. ಎಳೆಯುತ್ತಾ ಹೋದಂತೆ ಇದು ಮತ್ತೆ ಮತ್ತೆ ಆಗುತ್ತದೆ. ಹಾಗಾಗಿ ನನ್ನ ಪಾಲಿಗೆ ಇದ್ದದ್ದು ಒಂದೇ ಪ್ರಶ್ನೆ: ಒಂದೇ ಚುಕ್ಕೆಗೆ ಎರಡು ಸಲ, ಎರಡು ಬಣ್ಣ ಬಳಿಯುತ್ತಿರುವವರು ಯಾರು?

ಇದನ್ನು ಕೇಳಿಕೊಳ್ಳುವ ಮುಂಚೆ ನಾನು ಎರಡು ಅಡ್ಡದಾರಿ ಹಿಡಿದಿದ್ದೆ. ಫಾರ್ಮ್ ಅಂದರೆ ನನ್ನ ಸಾಫ್ಟ್‌ವೇರಿನ ಮುಖ್ಯ ವಿಂಡೋ. ಅದರ ಡಬಲ್‌ಬಫರ್ಡ್, ಅಂದರೆ ಮರೆಯಲ್ಲಿ ಬಳಿದು ಆಮೇಲೆ ತೋರಿಸು ಅನ್ನುವುದನ್ನು ಟ್ರೂ ಮಾಡಿದೆ. ಏನೂ ಆಗಲಿಲ್ಲ. ಅದು ಫಾರ್ಮಿನ ಸ್ವಂತ ಮೈಗೆ ಮಾತ್ರ. ಒಳಗಿನ ಪಟ್ಟಿ, ಬಟನ್ನು, ಬಾಕ್ಸು ಒಂದೊಂದೂ ಬೇರೆ ಬೇರೆ ವಿಂಡೋ, ಅವು ತಮ್ಮ ಪಾಡಿಗೆ ತಾವು ಬಳಿದುಕೊಳ್ಳುತ್ತವೆ. ಆಮೇಲೆ ಡಬ್ಲ್ಯೂಎಸ್ ಇಎಕ್ಸ್ ಕಂಪೋಸಿಟೆಡ್ ಅನ್ನುವ ಸ್ಟೈಲ್ ಹಾಕಿ ನೋಡಿದೆ. ಅದು ಒಳಗಿನ ಎಲ್ಲವನ್ನೂ ಕೆಳಗಿಂದ ಮೇಲಕ್ಕೆ ಮರೆಯಲ್ಲಿ ಬಳಿದು ಒಟ್ಟಿಗೆ ತರುತ್ತದೆ. ಮಿಣುಕೇನೋ ಹೋಯಿತು. ಆದರೆ ಆ ಹಳೇ ಮೆಷೀನಿನಲ್ಲಿ ವಿಂಡೋದ ಅಂಚು ಮೌಸಿನ ಹಿಂದೆ ತೆವಳುತ್ತಾ ಬರುತ್ತಿತ್ತು. ತೆಗೆದುಹಾಕಿದೆ. ಬಹಳ ಜನ ಇದನ್ನೇ ಮೊದಲು ಹಾಕುತ್ತಾರೆ. ನನ್ನ ಮಾತು ಕೇಳಿದರೆ ಬೇಡ. ಎರಡು ಸಲ ಬಳಿಯುವ ಕೆಲಸ ಅಲ್ಲೇ ಉಳಿದಿರುತ್ತದೆ, ಮರೆಯಾಗಿರುತ್ತದೆ ಅಷ್ಟೆ.

ಬಳಿಯುವವರನ್ನು ಹಿಡಿಯಲು ಬಣ್ಣ ಬಳಸಿದೆ. ಫಾರ್ಮಿನ ಹಿನ್ನೆಲೆಗೆ ಗಾಢ ಗುಲಾಬಿ, ಗ್ರಾಫಿನ ಪ್ಯಾನೆಲ್ಲಿಗೆ ಹಸಿರು, ಪಟ್ಟಿಗೆ ಹಳದಿ. ನನ್ನ ಲ್ಯಾಪ್‌ಟಾಪಿನಲ್ಲಿ ಮಿಣುಕು ಸರಿಯಾಗಿ ಕಾಣದ ಕಾರಣ, ಮನೆಯಲ್ಲಿದ್ದ ಒಂದು ಹಳೇ ಕಂಪ್ಯೂಟರಿಗೆ ಅದೇ ವಿಂಡೋಸ್ 7, ಅದೇ ಕ್ಲಾಸಿಕ್ ಥೀಮ್ ಹಾಕಿಕೊಂಡೆ. ಒಂದು ಕೈಯಲ್ಲಿ ವಿಂಡೋ ಎಳೆಯುತ್ತಾ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಸ್ಲೋ ಮೋಷನ್ ವಿಡಿಯೊ ತೆಗೆದೆ. ನಿಧಾನಕ್ಕೆ ಓಡಿಸಿ ನೋಡಿದರೆ ಎಲ್ಲ ಬಿಡಿಸಿಟ್ಟ ಹಾಗೆ ಕಂಡಿತು. ಗ್ರಾಫಿನ ಜಾಗದಲ್ಲಿ ಹಸಿರು, ಬಿಳಿ, ಆಮೇಲೆ ಗೆರೆಗಳು. ಬಟನ್ನುಗಳ ಸುತ್ತ ಗುಲಾಬಿ ಪಟ್ಟೆಗಳು, ಅದೂ ಒಂದಾದ ಮೇಲೆ ಒಂದು. ಪಟ್ಟಿಯಲ್ಲಿ ಹಳದಿ ಎಷ್ಟು ಸಲ ಬಂದು ಹೋಯಿತೋ ಎಣಿಸಲೇ ಆಗಲಿಲ್ಲ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಅರ್ಧ ಗಂಟೆ.

ಗ್ರಾಫಿನ ತಪ್ಪು ಪೂರ್ತಿ ನನ್ನದೇ. ವಿಂಡೋಸ್ ಒಂದು ಸಲ ಹಿನ್ನೆಲೆ ಬಳಿಯುತ್ತಿತ್ತು. ಆಮೇಲೆ ಬಳಿಯಲು ನಾನು ಬರೆದ ಆನ್‌ಪೇಂಟ್ ಅನ್ನುವ ಕೋಡು ಶುರುವಿನಲ್ಲೇ, ಎಲ್ಲ ಅಳಿಸುವ ಕ್ಲಿಯರ್ ಕರೆದು ಇನ್ನೊಮ್ಮೆ ಬಿಳಿ ಬಳಿಯುತ್ತಿತ್ತು. ಆ ಪ್ಯಾನೆಲ್ಲಿಗೆ ಸೆಟ್‌ಸ್ಟೈಲ್ ಮೂಲಕ ಯೂಸರ್‌ಪೇಂಟ್, ಆಲ್‌ಪೇಂಟಿಂಗ್‌ಇನ್‌ಡಬ್ಲ್ಯೂಎಂಪೇಂಟ್, ಆಪ್ಟಿಮೈಸ್ಡ್‌ಡಬಲ್‌ಬಫರ್ ಮೂರನ್ನೂ ಹಾಕಿದೆ. ಮೊದಲನೆಯದು ಪ್ಯಾನೆಲ್ ತನ್ನನ್ನು ತಾನೇ ಬಳಿದುಕೊಳ್ಳುತ್ತದೆ ಅಂತ ಹೇಳುತ್ತದೆ. ಎರಡನೆಯದು ಆ ಅಳಿಸುವ ಸಂದೇಶವನ್ನು ಕಡೆಗಣಿಸುತ್ತದೆ. ಮೂರನೆಯದು ಚಿತ್ರವನ್ನು ಮರೆಯಲ್ಲಿ ಬರೆದು, ಮುಗಿದ ಮೇಲೆ ಪರದೆಗೆ ತರುತ್ತದೆ. ನನ್ನ ಕ್ಲಿಯರ್ ಸಾಲನ್ನೂ ತೆಗೆದೆ. ಗ್ರಾಫು ಅಗಲಕ್ಕೆ ತಕ್ಕ ಹಾಗೆ ಹಿಗ್ಗಬೇಕಾದ್ದರಿಂದ, ಅಳತೆ ಬದಲಾದಾಗೆಲ್ಲ ಪೂರ್ತಿ ಬಳಿಸುವ ರೀಸೈಜ್‌ರೀಡ್ರಾ ಕೂಡ ಬೇಕಾಯಿತು. ಇಲ್ಲದಿದ್ದರೆ ಹೊಸದಾಗಿ ತೆರೆದ ಪಟ್ಟೆಯಷ್ಟೇ ಬಳಿದು ಗೆರೆಗಳು ಹರಿದ ಹಾಗೆ ಕಾಣುತ್ತವೆ. ಬರೀ ಬಟನ್ನಿರುವ ಪ್ಯಾನೆಲ್ಲಿಗೆ ಅದನ್ನು ಹಾಕಬೇಡಿ, ಸುಮ್ನೆ ಕೆಲಸ ಜಾಸ್ತಿ. ಇನ್ನೊಂದು ವಿಷಯ: ಪ್ರತಿ ಸಲ ಬಳಿಯುವಾಗಲೂ ಫಾಂಟು, ಪೆನ್ನು ಹೊಸದಾಗಿ ಮಾಡುತ್ತಿದ್ದೆ. ಅವನ್ನು ಒಂದೇ ಸಲ ಮಾಡಿ ಇಟ್ಟುಕೊಂಡೆ.

ಪಟ್ಟಿಯ ಕಥೆ ಬೇರೆ. ಅದು ವಿಂಡೋಸ್ ಫಾರ್ಮ್ಸ್‌ನ ಲಿಸ್ಟ್‌ವ್ಯೂ. ಅದರಲ್ಲೂ ಡಬಲ್‌ಬಫರ್ಡ್ ಇದೆ, ಆದರೆ ಹೊರಗಿನಿಂದ ಮುಟ್ಟಲು ಬಿಡುವುದಿಲ್ಲ. ಅದರಿಂದ ಒಂದು ಕ್ಲಾಸ್ ಹುಟ್ಟಿಸಿ ಒಳಗೆ ಟ್ರೂ ಮಾಡಬೇಕು. ಎರಡು ಸಾಲಿನ ಕೆಲಸ. ಅದಾದ ಮೇಲೂ ಹಳದಿ ಪೂರ್ತಿ ಹೋಗಲಿಲ್ಲ. ಹುಡುಕಿದರೆ, ಅಳತೆ ಬದಲಾದಾಗೆಲ್ಲ ನಾನು ಎಲ್ಲ ಕಾಲಮ್ಮುಗಳ ಅಗಲವನ್ನೂ ಮತ್ತೆ ಲೆಕ್ಕ ಹಾಕಿಸುತ್ತಿದ್ದೆ. ಒಂದೊಂದು ಕಾಲಮ್ಮಿನ ಅಗಲ ಬದಲಾದಾಗಲೂ ಪಟ್ಟಿ ಇನ್ನೊಮ್ಮೆ ಬಳಿದುಕೊಳ್ಳುತ್ತದೆ. ಅದನ್ನು ರೀಸೈಜ್‌ಎಂಡ್‌ಗೆ ಸಾಗಿಸಿದೆ, ಅಂದರೆ ಮೌಸ್ ಬಿಟ್ಟ ಮೇಲೆ ಒಂದೇ ಸಲ. ಇಲ್ಲಿ ಒಂದು ಎಚ್ಚರ. ಮ್ಯಾಕ್ಸಿಮೈಸ್ ಬಟನ್ ಒತ್ತಿದರೆ ರೀಸೈಜ್‌ಎಂಡ್ ಬರುವುದೇ ಇಲ್ಲ. ವಿಂಡೋ ಪೂರ್ತಿ ದೊಡ್ಡದಾದರೂ ಕಾಲಮ್ಮು ಕಿರಿದಾಗೇ ಉಳಿಯುತ್ತದೆ. ವಿಂಡೋ ಮ್ಯಾಕ್ಸಿಮೈಸ್ ಆಗಿದೆಯಾ ಅಂತ ಹೇಳುವ ವಿಂಡೋಸ್ಟೇಟ್ ಬದಲಾಯಿತಾ ಅಂತ ಬೇರೆಯಾಗಿ ನೋಡಿಕೊಳ್ಳಬೇಕು.

ಬಟನ್ನುಗಳ ನಡುವಿನ ಗುಲಾಬಿ ಪಟ್ಟೆಗಳಿಗೆ ನನಗೆ ಜಾಸ್ತಿ ಹೊತ್ತು ಹಿಡಿಯಿತು. ನಾನು ಒಂದೊಂದನ್ನೇ ಸರಿಸುತ್ತಿದ್ದೆ. ಒಂದು ಸರಿದಾಗ ಅದು ಬಿಟ್ಟ ಜಾಗ ಫಾರ್ಮಿನ ಬಣ್ಣಕ್ಕೆ ತಿರುಗುತ್ತದೆ, ಅಷ್ಟರಲ್ಲಿ ಪಕ್ಕದ್ದು ಆ ಜಾಗಕ್ಕೆ ಬರುತ್ತದೆ. ಮತ್ತೆ ಎರಡು ಬಣ್ಣ. ಸಸ್ಪೆಂಡ್‌ಲೇಔಟ್ ಹಾಕಿದರೆ ನಿಲ್ಲುತ್ತದೆ ಅಂತ ನಾನು ನಂಬಿದ್ದೆ. ಅದು ಜೋಡಣೆಯ ಲೆಕ್ಕವನ್ನು ತಡೆಯುತ್ತದೆ, ಬಳಿಯುವುದನ್ನಲ್ಲ. ಬೇಕಾದದ್ದು ಬಿಗಿನ್‌ಡಿಫರ್‌ವಿಂಡೋಪೋಸ್, ಡಿಫರ್‌ವಿಂಡೋಪೋಸ್, ಎಂಡ್‌ಡಿಫರ್‌ವಿಂಡೋಪೋಸ್ ಅನ್ನುವ ಮೂರು ವಿಂಡೋಸ್ ಕರೆಗಳು. ಯಾವುದು ಎಲ್ಲಿಗೆ ಹೋಗಬೇಕು ಅಂತ ಮೊದಲು ಪಟ್ಟಿ ಮಾಡಿ ಕೊಟ್ಟರೆ, ಕೊನೆಯ ಕರೆಯಲ್ಲಿ ಎಲ್ಲವೂ ಒಟ್ಟಿಗೆ ಸರಿಯುತ್ತವೆ. ಎರಡು ಮಾತು ನೆನಪಿಡಿ. ಒಂದು ಗುಂಪಿನಲ್ಲಿ ಇರುವುದೆಲ್ಲ ಒಂದೇ ತಾಯಿ ವಿಂಡೋದ ಮಕ್ಕಳಾಗಿರಬೇಕು. ಡಿಫರ್ ಕರೆ ಪ್ರತಿ ಸಲ ಹಿಂದಿರುಗಿಸುವ ಹ್ಯಾಂಡಲನ್ನೇ, ಅಂದರೆ ಆ ಗುಂಪಿನ ಗುರುತನ್ನೇ, ಮುಂದಿನ ಕರೆಗೆ ಕೊಡಬೇಕು, ಹಳೆಯದನ್ನಲ್ಲ. ನಾನು ಹಳೆಯದನ್ನೇ ಕೊಡುತ್ತಿದ್ದೆ, ಒಮ್ಮೊಮ್ಮೆ ಒಂದು ಬಟನ್ನೂ ಸರಿಯುತ್ತಿರಲಿಲ್ಲ.

ಮಂಡಿಯ ಸಾಹುಕಾರರ ಆಸೆಯಂತೆ ಹಿನ್ನೆಲೆಗೆ ಆಲೆಮನೆಯ ಫೋಟೊ ಒಂದನ್ನು ಹಾಕಿದ್ದೆ. ಎಳೆದಾಗೆಲ್ಲ ಆ ದೊಡ್ಡ ಫೋಟೊ ಹಿಗ್ಗಬೇಕು, ಕುಗ್ಗಬೇಕು. ಮೇಲಿದ್ದ ಲೇಬಲ್ಲುಗಳ ಹಿನ್ನೆಲೆ ಟ್ರಾನ್ಸ್‌ಪರೆಂಟ್. ಅಂಥ ಲೇಬಲ್ಲು ತನ್ನ ಹಿನ್ನೆಲೆಯನ್ನು ತಾಯಿ ವಿಂಡೋದಿಂದಲೇ ಬಳಿಸಿಕೊಳ್ಳುತ್ತದೆ. ಲೇಬಲ್ಲು ಎಷ್ಟೋ ಅಷ್ಟು ಸಲ ಫೋಟೊ ಕೆಲಸ. ಸಾಹುಕಾರರಿಗೆ ವಿವರಿಸಿ ಹೇಳಿದೆ. ಫೋಟೊ ವಿಂಡೋದ ಮೇಲ್ತುದಿಯಲ್ಲಿ ಚಿಕ್ಕದಾಗಿ, ಅಳತೆ ಬದಲಾಗದ ಹಾಗೆ ಇರಲಿ ಅಂದರೆ ಒಪ್ಪಿದರು. ಲೇಬಲ್ಲುಗಳಿಗೆ ಗಟ್ಟಿ ಬಣ್ಣ ಕೊಟ್ಟೆ.

ಕೊನೆಗೆ ಉಳಿದದ್ದು ಎಡ ಅಂಚು. ಬಲ ಅಂಚು ಹಿಡಿದು ಎಳೆದರೆ ನುಣ್ಣಗೆ ಬರುತ್ತಿದ್ದ ವಿಂಡೋ, ಎಡ ಅಂಚು ಹಿಡಿದರೆ ನಡುಗುತ್ತಿತ್ತು. ವಿಂಡೋಸ್ ಕೆಲಸ ಉಳಿಸಲು ಹಳೇ ಚಿತ್ರವನ್ನು ಹೊಸ ವಿಂಡೋದ ಎಡ ಮೇಲ್ಮೂಲೆಗೆ ನಕಲು ಮಾಡುತ್ತದೆ. ಎಡ ಅಂಚು ಸರಿದಾಗ ಬಲಗಡೆಯ ಗ್ರಾಫು ನಕಲಿನ ಜೊತೆ ಒಮ್ಮೆ ಪಕ್ಕಕ್ಕೆ ಹೋಗಿ, ನಾನು ಬಳಿದ ಮೇಲೆ ತನ್ನ ಜಾಗಕ್ಕೆ ವಾಪಸ್ ಬರುತ್ತದೆ. ವಿಂಡೋಪೋಸ್‌ಚೇಂಜಿಂಗ್ ಸಂದೇಶ ಬಂದಾಗ ನೋಕಾಪಿಬಿಟ್ಸ್ ಅನ್ನುವ ಗುರುತು ಸೇರಿಸಿದೆ, ನಕಲು ನಿಂತಿತು. ವಿಂಡೋಸ್ 10ರಲ್ಲಿ ಎಡ ಅಂಚಿನ ನಡುಕ ಚೂರು ಉಳಿದೇ ಇದೆ. ಅಲ್ಲಿ ಚೌಕಟ್ಟನ್ನೂ ಒಳಗಿನ ಚಿತ್ರವನ್ನೂ ಪರದೆಗೆ ತರುವುದು ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್, ಅದು ನನ್ನ ಪೇಂಟಿಗೆ ಕಾಯುವುದಿಲ್ಲ. ಅದರ ಹಿಂದೆ ಬೀಳಲಿಲ್ಲ. ಹೊಸದಾಗಿ ತೆರೆಯುವ ಜಾಗಕ್ಕೆ ಪಟ್ಟಿಯ ಹಿನ್ನೆಲೆಯ ಬಣ್ಣವನ್ನೇ ಕೊಟ್ಟೆ. ಕಣ್ಣಿಗೆ ಅಷ್ಟಾಗಿ ಚುಚ್ಚುವುದಿಲ್ಲ.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ಮತ್ತೆ ಮಂಡ್ಯಕ್ಕೆ ಹೋದೆ. ಯಾರ್ಡಿನ ತುಂಬಾ ಬೆಲ್ಲದ ವಾಸನೆ, ಮಂಡಿಯಲ್ಲಿ ಕೂರಲು ಜಾಗ ಇರಲಿಲ್ಲ. ಹೊಸದನ್ನು ಹಾಕಿ, ಅವತ್ತು ತೆಗೆದಿದ್ದ ಟಿಕ್ಕನ್ನು ವಾಪಸ್ ಹಾಕಿ, "ಈಗ ಎಳೆದು ನೋಡಿ ಅಕ್ಕ" ಅಂದೆ. ಅವರು ಅಂಚು ಹಿಡಿದು ನಿಧಾನಕ್ಕೆ ಒಂದು ಸಲ, ಆಮೇಲೆ ಜೋರಾಗಿ ನಾಲ್ಕೈದು ಸಲ ಎಳೆದರು. ಏನೂ ಹೇಳಲಿಲ್ಲ. ಟ್ಯಾಲಿಯನ್ನು ಎಡಕ್ಕೆ ತಂದರು, ನನ್ನದನ್ನು ಬಲಕ್ಕೆ ಸರಿಸಿದರು. ಮುಂದಿನ ಲಾಟಿನ ಮೊತ್ತವನ್ನು ಒಂದರಲ್ಲಿ ನೋಡಿ ನೇರ ಇನ್ನೊಂದರಲ್ಲಿ ಹಾಕಿದರು. ಚೀಟಿಯ ಕಟ್ಟನ್ನು ಎತ್ತಿ ಮೇಜಿನ ಡ್ರಾಯರಿಗೆ ಹಾಕಿದರು.